ಪಾರ್ಟಿ ಆದ ರಾತ್ರಿ ಡಿಶ್‌ವಾಷರ್ ಕೈಕೊಟ್ಟರೆ: ತಿಂಡಿ ತಟ್ಟೆಯಿಂದ ಮೋರಿ ಪೈಪಿನವರೆಗೆ ದೋಷ ಹುಡುಕುವ ಬಗೆ

ಮನೆಗೆ ಹದಿನೈದು ಇಪ್ಪತ್ತು ಜನ ಬಂದು ಹೋದ ರಾತ್ರಿಯೇ ಡಿಶ್‌ವಾಷರ್ ಕೆಡುತ್ತದೆ ಅಂತ ತುಂಬ ಜನ ಹೇಳುತ್ತಾರೆ. ತಳದಲ್ಲಿ ನೀರು ನಿಲ್ಲುತ್ತದೆ. ಲೋಟ ಮಬ್ಬಾಗುತ್ತದೆ. ಪಾತ್ರೆಯ ಜಿಡ್ಡು ಹಾಗೇ ಇರುತ್ತದೆ. ಬಹಳಷ್ಟು ಸಲ ಕೆಟ್ಟಿರುವುದು ಮೆಷಿನ್ ಅಲ್ಲ. ಒಗ್ಗರಣೆಯ ಸಾಸಿವೆ, ನಿಂಬೆ ಬೀಜ, ಒಣಗಿದ ಕಡಲೆಹಿಟ್ಟು, ಗಟ್ಟಿಯಾದ ಎಣ್ಣೆ, ಬೋರ್‌ವೆಲ್ಲಿನ ಗಡಸು ನೀರು, ಇವುಗಳಲ್ಲಿ ಯಾವುದೋ ಒಂದು ಕಾರಣ ಆಗಿರುತ್ತದೆ. ಅದಕ್ಕೇ ಇಲ್ಲಿ ತಿಂಡಿಯನ್ನೂ ಮೆಷಿನ್ನನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಯಾವ ತಿಂಡಿ ಏನು ಬಿಟ್ಟುಹೋಗುತ್ತದೆ ಅಂತ ಗೊತ್ತಿದ್ದರೆ ಎಲ್ಲಿ ಹುಡುಕಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೆಷಿನ್ನಿನ ಒಳಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಒಳಗಿನ ನೀರು 60–70 ಡಿಗ್ರಿ ಇರಬಹುದು, ತಣ್ಣಗಾಗಲು ಬಿಡಿ. ಫಿಲ್ಟರಿನ ಕೆಳಗೆ ಗಾಜಿನ ಚೂರು ಸಿಗುವುದು ಅಪರೂಪವೇನಲ್ಲ. ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ.

ತಿಂಡಿ ಆರಿಸುವಾಗಲೇ ಅರ್ಧ ಕೆಲಸ

ಡಿಶ್‌ವಾಷರಿಗೆ ಅತಿ ಸುಲಭದ ಪಾರ್ಟಿ ತಿಂಡಿ ಅಂದರೆ ನನ್ನ ಪ್ರಕಾರ ಚುರುಮುರಿ. ಹತ್ತು ಜನಕ್ಕೆ ಸುಮಾರು 200 ಗ್ರಾಂ ಕಡ್ಲೆಪುರಿ ಸಾಕು. ಎರಡು ಈರುಳ್ಳಿ, ಎರಡು ಟೊಮೆಟೊ ಸಣ್ಣಗೆ ಹೆಚ್ಚಿ. ಟೊಮೆಟೊ ಬೀಜದ ಭಾಗ ತೆಗೆದುಬಿಡಿ, ಇಲ್ಲದಿದ್ದರೆ ಪುರಿ ಬೇಗ ಮೆತ್ತಗಾಗುತ್ತದೆ. ಎರಡು ಕ್ಯಾರೆಟ್ ತುರಿಯಿರಿ. ಮಾವಿನಕಾಯಿ ಸಿಗುವ ಕಾಲವಾದರೆ ಒಂದು ಹಿಡಿ ಅದರ ತುರಿ. ಎರಡು ಚಮಚ ಕೊಬ್ಬರಿ ಎಣ್ಣೆಯಲ್ಲಿ ಅಚ್ಚಖಾರದ ಪುಡಿ, ಉಪ್ಪು ಕಲಸಿಟ್ಟುಕೊಂಡು ಬಡಿಸುವ ಗಳಿಗೆಯಲ್ಲಿ ಎಲ್ಲ ಸೇರಿಸಿ, ಮೇಲೆ ನಿಂಬೆರಸ ಹಿಂಡಿ. ತಟ್ಟೆಗೆ ಅಂಟುವಂಥದ್ದು ಏನೂ ಇಲ್ಲ. ಆದರೆ ನಿಂಬೆ ಬೀಜದ ಮೇಲೆ ಕಣ್ಣಿರಲಿ. ಅದು ಡ್ರೈನ್ ಪಂಪಿನ ರೆಕ್ಕೆಗೆ ಸಿಕ್ಕಿಕೊಂಡರೆ ರಾತ್ರಿಯೆಲ್ಲ ಒದ್ದಾಟ. ಜರಡಿಯಲ್ಲಿ ಹಿಂಡಿದರೆ ಆ ತೊಂದರೆ ಅಲ್ಲಿಗೇ ಮುಗಿಯಿತು.

ನಿಪ್ಪಟ್ಟು ಮಸಾಲೆಯೂ ಹೀಗೇ. ಅಂಗಡಿಯಿಂದ ತಂದ ನಿಪ್ಪಟ್ಟಿನ ಮೇಲೆ ಹಸಿಮೆಣಸಿನಕಾಯಿ ಚಟ್ನಿ ಸವರಿ, ಈರುಳ್ಳಿ, ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪು, ಸೇವ್ ಉದುರಿಸಿದರೆ ಆಯಿತು. ತಟ್ಟೆಯೇ ಬೇಡ, ಕೈಯಲ್ಲೇ ಹಿಡಿದು ತಿನ್ನಬಹುದು. ಕಾಂಗ್ರೆಸ್ ಕಡ್ಲೆಕಾಯಿ ಇದ್ದರೆ ಅದರ ಸಿಪ್ಪೆ ಪೂರ್ತಿ ಹಾರಿಸಿ ಬಟ್ಟಲಿಗೆ ಹಾಕಿ. ಆ ತೆಳು ಕೆಂಪು ಸಿಪ್ಪೆ ನೀರಿನಲ್ಲಿ ಕರಗುವುದಿಲ್ಲ, ಫಿಲ್ಟರ್ ಜಾಲರಿಗೆ ಪದರವಾಗಿ ಅಂಟಿಕೊಳ್ಳುತ್ತದೆ.

ಕೋಸಂಬರಿ ಆರೋಗ್ಯಕ್ಕೂ ಒಳ್ಳೆಯದು, ಬೇಗನೂ ಆಗುತ್ತದೆ. ಒಂದು ಲೋಟ ಹೆಸರುಬೇಳೆ ಒಂದು ಗಂಟೆ ನೆನೆಸಿ, ನೀರು ಬಸಿದು, ಸೌತೆಕಾಯಿ, ತೆಂಗಿನತುರಿ, ಹಸಿಮೆಣಸಿನಕಾಯಿ ಬೆರೆಸಿ. ಉಪ್ಪನ್ನು ಕೊನೆಗೆ ಹಾಕಿ, ಸೌತೆಕಾಯಿ ನೀರು ಬಿಡುವುದಿಲ್ಲ. ಇದರಲ್ಲಿ ಮೆಷಿನ್ನಿಗೆ ತೊಂದರೆ ಕೊಡುವುದು ಒಗ್ಗರಣೆ. ಸಾಸಿವೆ ಕಾಳು, ನೀರು ಚಿಮ್ಮಿಸುತ್ತ ತಿರುಗುವ ಸ್ಪ್ರೇ ಆರ್ಮಿನ ತೂತಿನಲ್ಲಿ ಅಳತೆ ಮಾಡಿಟ್ಟಂತೆ ಕೂರುತ್ತದೆ. ಕರಿಬೇವು ಜಾಲರಿಯ ಮೇಲೆ ಹರಡಿಕೊಂಡು ನೀರನ್ನೇ ತಡೆಯುತ್ತದೆ.

ಪಡ್ಡು, ಬಜ್ಜಿ, ಬೋಂಡಾ ಮಾಡುವವರು ಹಿಟ್ಟಿನ ಪಾತ್ರೆಯ ಬಗ್ಗೆ ಯೋಚಿಸಬೇಕು. ಕಡಲೆಹಿಟ್ಟಾಗಲಿ ಉದ್ದಿನ ಹಿಟ್ಟಾಗಲಿ ಒಣಗಿದರೆ ಬಿಡಿಸುವುದು ಕಷ್ಟ. ಅದರಲ್ಲಿ ಪಿಷ್ಟವೂ ಇದೆ, ಪ್ರೋಟೀನೂ ಇದೆ. ಬಿಸಿ ನೀರು ಸುರಿದರೆ ಎರಡೂ ಇನ್ನಷ್ಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಹಿಟ್ಟು ಹಸಿ ಇರುವಾಗಲೇ ತಣ್ಣೀರಿನಲ್ಲಿ ಒಮ್ಮೆ ಬಳಿದು ಚೆಲ್ಲಿ. ಪಡ್ಡಿನ ಕಬ್ಬಿಣದ ಕಾವಲಿ ಮೆಷಿನ್ನಿಗೆ ಹಾಕಲೇಬೇಡಿ, ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಬಾಣಲೆ, ಅಲ್ಯೂಮಿನಿಯಂ ಕುಕ್ಕರ್ ಡಿಟರ್ಜೆಂಟಿನ ಕ್ಷಾರಕ್ಕೆ ಕಪ್ಪಾಗುತ್ತವೆ. ಹಿತ್ತಾಳೆ, ತಾಮ್ರ, ಮರದ ಸೌಟು ಕೂಡ ಹೊರಗೇ ಇರಲಿ.

ಜನ ಜಾಸ್ತಿ ಆದರೆ ಅಡಿಕೆ ಹಾಳೆಯ ತಟ್ಟೆ, ಮುತ್ತುಗದ ಎಲೆಯ ದೊನ್ನೆ ಬಳಸಿ. ಮೆಷಿನ್ನಿಗೆ ಲೋಟ, ಚಮಚ, ಬಡಿಸುವ ಪಾತ್ರೆ ಮಾತ್ರ ಹೋದರೆ ಒಂದೇ ಸಲಕ್ಕೆ ಮುಗಿಯುತ್ತದೆ. ತೆಳು ಪ್ಲಾಸ್ಟಿಕ್ ತಟ್ಟೆ ಮಾತ್ರ ಬೇಡ. ನೀರಿನ ರಭಸಕ್ಕೆ ಹಾರಿ ಮಗುಚಿ ಸ್ಪ್ರೇ ಆರ್ಮನ್ನು ತಡೆದು ನಿಲ್ಲಿಸುತ್ತದೆ.

ತಳದಲ್ಲಿ ನೀರು ನಿಂತಿದೆ

ಪಾರ್ಟಿ ಆದ ಮೇಲೆ ಅತಿ ಹೆಚ್ಚು ಕಾಡುವ ದೋಷ ಇದೇ. ಮೊದಲು ಒಂದು ವಿಷಯ. ಫಿಲ್ಟರಿನ ಗುಂಡಿಯೊಳಗೆ ಸ್ವಲ್ಪ ನೀರು ಯಾವಾಗಲೂ ಇರುತ್ತದೆ, ಅದು ದೋಷ ಅಲ್ಲ. ಜಾಲರಿಯ ಮೇಲೆ, ಸ್ಟೀಲಿನ ತಳದಲ್ಲಿ ನೀರು ಹರಡಿಕೊಂಡಿದ್ದರೆ ಮಾತ್ರ ಹುಡುಕಬೇಕು. ಕೆಲವು ಮೆಷಿನ್‌ಗಳು ಇದನ್ನು ತಾವೇ ಹೇಳುತ್ತವೆ. ಬಾಷ್ ಮೆಷಿನ್ನಿನಲ್ಲಿ ಇ24 ಅಥವಾ ಇ25, ಎಲ್‌ಜಿಯಲ್ಲಿ ಓಇ ಎಂದು ಬಂದರೆ ನೀರು ಹೊರಗೆ ಹೋಗುತ್ತಿಲ್ಲ ಎಂದರ್ಥ.

ಮೊದಲ ಹೆಜ್ಜೆ ಫಿಲ್ಟರ್. ಲೋಟದಿಂದ ನೀರು ಮೊಗೆದು, ಉಳಿದದ್ದನ್ನು ಸ್ಪಂಜಿನಲ್ಲಿ ಹೀರಿ ತೆಗೆಯಿರಿ. ಉದ್ದ ಕೊಳವೆಯಂಥ ಫಿಲ್ಟರನ್ನು ತಿರುಗಿಸಿ ಮೇಲೆತ್ತಿ. ಅದರ ಕೆಳಗಿನ ಚಪ್ಪಟೆ ಜಾಲರಿಯನ್ನೂ ತೆಗೆಯಿರಿ. ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಪಾತ್ರೆ ಸೋಪಿನಲ್ಲಿ ಉಜ್ಜಿ, ಸೋಪು ಪೂರ್ತಿ ಹೋಗುವಂತೆ ತೊಳೆಯಿರಿ. ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಬರಿಗಣ್ಣಿಗೆ ಶುಭ್ರವಾಗಿ ಕಂಡರೂ ಜಿಡ್ಡಿನ ತೆಳು ಪದರ ತೂತು ಮುಚ್ಚಿರುತ್ತದೆ. ಡಾಲ್ಡಾದಲ್ಲಿ ಕರಿದ ತಿಂಡಿ ಇದ್ದರೆ ಇದು ಖಂಡಿತ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಅದು ಪೈಪಿನೊಳಗೇ ಗಟ್ಟಿಯಾಗಿ ಕೂತುಬಿಡುತ್ತದೆ.

ಎರಡನೆಯದು ಪಂಪಿನ ಮುಚ್ಚಳ. ಫಿಲ್ಟರ್ ತೆಗೆದ ಗುಂಡಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಚಮಚದ ಹಿಡಿಯಿಂದ ಮೀಟಿದರೆ ಬರುತ್ತದೆ. ಒಳಗೆ ಸಣ್ಣ ರೆಕ್ಕೆಯ ಚಕ್ರ ಇದೆ. ಬೆರಳಿನಿಂದ ನಿಧಾನಕ್ಕೆ ತಿರುಗಿಸಿ. ತಟತಟ ಎಂದು ಹಂತಹಂತವಾಗಿ ತಿರುಗುವುದು ಸರಿಯೇ, ಒಳಗಿನ ಅಯಸ್ಕಾಂತದಿಂದ ಹಾಗಾಗುತ್ತದೆ. ಪೂರ್ತಿ ಸಿಕ್ಕಿಕೊಂಡಿದ್ದರೆ ನಿಂಬೆ ಬೀಜ, ಟೂತ್‌ಪಿಕ್ ತುಂಡು, ಗಾಜಿನ ಚೂರು ಅಥವಾ ಹೊಸ ಡಬ್ಬಿಯ ಲೇಬಲ್ ಕಾಗದ ಸಿಗುತ್ತದೆ. ಪನೀರ್, ಬೇಬಿಕಾರ್ನ್ ಚುಚ್ಚಿಕೊಡುವ ಪಾರ್ಟಿಗಳಲ್ಲಿ ಟೂತ್‌ಪಿಕ್ಕೇ ದೊಡ್ಡ ಶತ್ರು. ಮುಚ್ಚಳವನ್ನು ಟಕ್ ಎಂದು ಕೂರುವವರೆಗೆ ಒತ್ತಿ. ಅದು ಸಡಿಲವಾದರೂ ನೀರು ಹೋಗುವುದಿಲ್ಲ.

ಮೂರನೆಯದು ನನಗೆ ತುಂಬ ಮುಖ್ಯ ಅನಿಸುವ ಪರೀಕ್ಷೆ, ಬಕೆಟ್ ಪರೀಕ್ಷೆ. ಡ್ರೈನ್ ಪೈಪಿನ ತುದಿಯನ್ನು ಸಿಂಕಿನ ಕೆಳಗಿನಿಂದ ಬಿಡಿಸಿ ಬಕೆಟ್ಟಿಗೆ ಇಳಿಬಿಡಿ. ಪ್ಲಗ್ ಹಾಕಿ, ನಡೆಯುತ್ತಿರುವ ಪ್ರೋಗ್ರಾಂ ರದ್ದು ಮಾಡಿ. ಸ್ಟಾರ್ಟ್ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದರೆ ಹಲವು ಮೆಷಿನ್‌ಗಳು ನೀರನ್ನು ಹೊರಹಾಕಲು ಶುರು ಮಾಡುತ್ತವೆ. ಈಗ ಕಿವಿಗೊಡಿ. ನೀರು ರಭಸವಾಗಿ ಬಕೆಟ್ಟಿಗೆ ಬಿದ್ದರೆ ಮೆಷಿನ್ ಚೆನ್ನಾಗಿದೆ. ದೋಷ ನಿಮ್ಮ ಸಿಂಕಿನ ಪೈಪಿನಲ್ಲಿ, ಕರೆಯಬೇಕಾದ್ದು ಪ್ಲಂಬರನ್ನು. ಗುಂಯ್ ಎಂಬ ಸದ್ದು ಇದ್ದು ನೀರು ಬಾರದಿದ್ದರೆ ಚಕ್ರ ಸಿಕ್ಕಿದೆ ಅಥವಾ ಪೈಪ್ ಕಟ್ಟಿದೆ. ಸದ್ದೇ ಇಲ್ಲದಿದ್ದರೆ ಪಂಪ್ ಸುಟ್ಟಿರಬಹುದು ಅಥವಾ ವೈರ್ ಹೋಗಿರಬಹುದು, ಅದು ಮೆಕ್ಯಾನಿಕ್ ಕೆಲಸ. ಈ ಒಂದು ಪರೀಕ್ಷೆ ಮಾಡದೆ ಪಂಪ್ ಬದಲಾಯಿಸಲು ಒಪ್ಪಬೇಡಿ.

ಹೊಸದಾಗಿ ಕೂರಿಸಿದ ಮೆಷಿನ್ ಆದರೆ ಸಿಂಕಿನ ಕೆಳಗಿನ ಟ್ರ್ಯಾಪಿನಲ್ಲಿ (ಬಾಗಿದ ಪೈಪಿನಲ್ಲಿ) ಡ್ರೈನ್ ಪೈಪ್ ಸೇರಿಸುವ ಮೂತಿಯನ್ನು ನೋಡಿ. ಕಂಪನಿಯಿಂದ ಬರುವಾಗ ಆ ಮೂತಿ ಒಳಗೆ ಪ್ಲಾಸ್ಟಿಕ್ ತಡೆಯಿಂದ ಮುಚ್ಚಿರುತ್ತದೆ. ಅದನ್ನು ಒಡೆಯದೆ ಪೈಪ್ ಸಿಕ್ಕಿಸಿದರೆ ನೀರು ಹೋಗಲು ದಾರಿಯೇ ಇಲ್ಲ. ಪೈಪಿನ ಎತ್ತರವೂ ಮುಖ್ಯ. ನೆಲದಿಂದ ಸುಮಾರು 40 ಸೆಂಟಿಮೀಟರಿನಿಂದ 1 ಮೀಟರಿನೊಳಗೆ ಒಮ್ಮೆ ಮೇಲೇರಿ ಇಳಿಯಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪೈಪನ್ನು ಸುಮ್ನೆ ಯುಟಿಲಿಟಿಯ ನೆಲದ ಜಾಲಿಗೆ ತುರುಕಿರುತ್ತಾರೆ. ಆಗ ತದ್ವಿರುದ್ಧ ತೊಂದರೆ. ಮೆಷಿನ್ ನೀರು ತುಂಬಿಕೊಳ್ಳುವಾಗಲೇ ಅದು ತಾನಾಗಿ ಹರಿದುಹೋಗುತ್ತದೆ, ಪಾತ್ರೆ ತೊಳೆಯಲು ನೀರು ಸಾಲುವುದಿಲ್ಲ.

ಪಾತ್ರೆ ಕೊಳಕಾಗಿಯೇ ಬರುತ್ತಿದೆ

ಮೆಷಿನ್ ಓಡಿದೆ, ನೀರೂ ಹೋಗಿದೆ, ಆದರೆ ಬಟ್ಟಲಲ್ಲಿ ಚಟ್ನಿ ಹಾಗೇ ಇದೆ. ಆಗ ಯಾವ ತಟ್ಟೆಯಲ್ಲಿ ಕೊಳೆ ಉಳಿದಿದೆ ಎಂದು ಮೊದಲು ಗಮನಿಸಿ. ಮೇಲಿನ ಬುಟ್ಟಿಯದು ಮಾತ್ರ ಕೊಳಕಾಗಿದ್ದರೆ ಮೇಲಿನ ಸ್ಪ್ರೇ ಆರ್ಮ್. ಕೆಳಗಿನದು ಮಾತ್ರ ಆದರೆ ಕೆಳಗಿನದು. ಎಲ್ಲವೂ ಆದರೆ ಫಿಲ್ಟರ್, ಡಿಟರ್ಜೆಂಟ್ ಅಥವಾ ಬಿಸಿ.

ಸ್ಪ್ರೇ ಆರ್ಮನ್ನು ಕೈಯಿಂದ ತಿರುಗಿಸಿ. ಪಾತ್ರೆ ಜೋಡಿಸಿದ ಮೇಲೆ ಇದನ್ನು ಮಾಡುವುದು ಒಳ್ಳೆಯ ಅಭ್ಯಾಸ. ಉದ್ದ ಸೌಟು, ಜಾಲರಿ ಸೌಟಿನ ಹಿಡಿ ಬುಟ್ಟಿಯಿಂದ ಕೆಳಗೆ ಇಣುಕಿದ್ದರೆ ಅಲ್ಲೇ ತಗುಲುತ್ತದೆ. ಸರಿಯಾಗಿ ತಿರುಗಿದರೆ ಅದನ್ನು ಬಿಚ್ಚಿ ಅಲ್ಲಾಡಿಸಿ. ಗಲಗಲ ಸದ್ದು ಬಂದರೆ ಒಳಗೆ ಸಾಸಿವೆ, ಜೀರಿಗೆ ಸೇರಿದೆ. ತೂತುಗಳನ್ನು ಪಿನ್ನಿನಿಂದ ಬಿಡಿಸಿ, ನಲ್ಲಿ ನೀರನ್ನು ಒಂದು ತುದಿಯಿಂದ ಹರಿಸಿ ಅಲ್ಲಾಡಿಸಿದರೆ ಕಾಳು ಉದುರುತ್ತವೆ. ಕಾಳು ಅಲ್ಲಿಗೆ ಹೇಗೆ ಹೋಯಿತು ಎಂಬುದೂ ಪ್ರಶ್ನೆ. ಫಿಲ್ಟರ್ ಸರಿಯಾಗಿ ಕೂತಿದ್ದರೆ ಅದು ದಾಟಬಾರದು. ಹಾಗಾಗಿ ಫಿಲ್ಟರ್ ಬಿಗಿಯಾಗಿ ಲಾಕ್ ಆಗಿದೆಯೇ, ಜಾಲರಿ ಹರಿದಿದೆಯೇ ನೋಡಿ.

ಡಿಟರ್ಜೆಂಟ್ ಡಬ್ಬಿಯ ಬಾಗಿಲು ತೆರೆಯದೇ ಇರುವುದೂ ಉಂಟು. ದೊಡ್ಡ ತಟ್ಟೆ ಅಡ್ಡ ನಿಂತಿದ್ದರೆ ಹೀಗಾಗುತ್ತದೆ. ಟ್ಯಾಬ್ಲೆಟ್ ಅರ್ಧ ಕರಗಿ ಉಳಿದಿದ್ದರೆ ನೀವು ಚಿಕ್ಕ ಪ್ರೋಗ್ರಾಂ ಇಟ್ಟಿರಬಹುದು. ಮೂವತ್ತು ನಿಮಿಷದ ಪ್ರೋಗ್ರಾಂ ಕಾಫಿ ಲೋಟಕ್ಕೆ ಸರಿ, ಬೋಂಡಾ ತಟ್ಟೆಗೆ ಸಾಲದು. ಈ ಡಿಟರ್ಜೆಂಟಿನಲ್ಲಿ ಪಿಷ್ಟವನ್ನೂ ಪ್ರೋಟೀನನ್ನೂ ಒಡೆಯುವ ಕಿಣ್ವಗಳಿರುತ್ತವೆ. ಅವು ಕೆಲಸ ಮಾಡಲು ಹೊತ್ತು ಬೇಕು, 50–60 ಡಿಗ್ರಿ ಬಿಸಿಯೂ ಬೇಕು. ಕರಿದ ತಿಂಡಿಯ ಪಾತ್ರೆಗೆ 70 ಡಿಗ್ರಿಯ ಇಂಟೆನ್ಸಿವ್ ಪ್ರೋಗ್ರಾಂ ಆರಿಸಿ. ಇಕೋ ಪ್ರೋಗ್ರಾಂ ಮೂರು ಗಂಟೆ ದಾಟಿದರೆ ಗಾಬರಿ ಬೇಡ. ಅದು ಕಡಿಮೆ ಬಿಸಿಯಲ್ಲಿ ನಿಧಾನವಾಗಿ ತೊಳೆದು ಕರೆಂಟ್ ಉಳಿಸುತ್ತದೆ.

ಇನ್ನೊಂದು ಅಭಿಪ್ರಾಯ ಹೇಳಲೇಬೇಕು. ಪಾತ್ರೆಯನ್ನು ಕೈಯಲ್ಲಿ ಪೂರ್ತಿ ತೊಳೆದು ಮತ್ತೆ ಮೆಷಿನ್ನಿಗೆ ಹಾಕುವವರಿದ್ದಾರೆ. ಅದು ನೀರಿನ ದುಂದು. ಒಂದು ಪೂರ್ತಿ ಲೋಡ್ ತೊಳೆಯಲು ಈಗಿನ ಮೆಷಿನ್‌ಗಳು ಸುಮಾರು 10 ಲೀಟರ್ ನೀರು ಬಳಸುತ್ತವೆ. ನೀವು ಮಾಡಬೇಕಾದ್ದು ಎಂಜಲು ಬಳಿದು ಚೆಲ್ಲುವುದು, ಅಷ್ಟೇ. ಅರಿಶಿನದಿಂದ ಒಳಗಿನ ಪ್ಲಾಸ್ಟಿಕ್ ಭಾಗ ಹಳದಿಯಾದರೆ ಚಿಂತೆ ಬೇಡ, ಕೆಲವು ಸಲ ಓಡಿಸಿದ ಮೇಲೆ ಮಾಸುತ್ತದೆ.

ಬಿಳಿ ಕಲೆ, ಮಬ್ಬು ಲೋಟ

ಕರ್ನಾಟಕದ ಬಹಳ ಮನೆಗಳಲ್ಲಿ ಡಿಶ್‌ವಾಷರಿನ ನಿಜವಾದ ಕಷ್ಟ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮಬ್ಬಾದ ಲೋಟವನ್ನು ಐದು ನಿಮಿಷ ವಿನೆಗರ್‌ನಲ್ಲಿ ಇಡಿ. ನಿಂಬೆರಸವೂ ಆಗುತ್ತದೆ. ತಿಳಿಯಾದರೆ ಅದು ಗಡಸು ನೀರಿನ ಸುಣ್ಣದ ಪದರ. ತಿಳಿಯಾಗದಿದ್ದರೆ ಗಾಜೇ ಸವೆದಿದೆ. ಸವೆದ ಗಾಜು ಮತ್ತೆ ಹೊಳೆಯುವುದಿಲ್ಲ. ಮೆದು ನೀರಿಗೆ ಜಾಸ್ತಿ ಡಿಟರ್ಜೆಂಟ್, ಜಾಸ್ತಿ ಬಿಸಿ ಸೇರಿದಾಗ ಹೀಗಾಗುತ್ತದೆ. ಅಂದರೆ ಎರಡಕ್ಕೂ ಮದ್ದು ಒಂದಕ್ಕೊಂದು ವಿರುದ್ಧ. ಪರೀಕ್ಷೆ ಮಾಡದೆ ಡಿಟರ್ಜೆಂಟ್ ಜಾಸ್ತಿ ಮಾಡಿದರೆ ಲೋಟಗಳು ಶಾಶ್ವತವಾಗಿ ಹಾಳಾಗಬಹುದು. ಮೂರನೆಯ ಸಾಧ್ಯತೆಯೂ ಇದೆ. ಅಕ್ಕಿ, ಅವಲಕ್ಕಿ, ಹಿಟ್ಟಿನ ಪಿಷ್ಟ ತಟ್ಟೆಯ ಮೇಲೆ ತೆಳು ಪದರವಾಗಿ ಕೂತಿರಬಹುದು. ಅದರ ಮೇಲೆ ಒಂದು ಹನಿ ಟಿಂಚರ್ ಅಯೋಡಿನ್ ಬಿಟ್ಟರೆ ಕಡು ನೀಲಿ ಬಣ್ಣಕ್ಕೆ ತಿರುಗುತ್ತದೆ. ಹಾಗಾದರೆ ಇಂಟೆನ್ಸಿವ್ ಪ್ರೋಗ್ರಾಂ, ಸರಿಯಾದ ಅಳತೆಯ ಡಿಟರ್ಜೆಂಟ್ ಸಾಕು. ಪರೀಕ್ಷೆ ಮಾಡಿದ ತಟ್ಟೆಯನ್ನು ಚೆನ್ನಾಗಿ ತೊಳೆದಿಡಿ.

ಸುಣ್ಣದ ಪದರ ಎಂದು ಖಚಿತವಾದರೆ ಸಾಲ್ಟ್ ನೋಡಿ. ಮೆಷಿನ್ನಿನೊಳಗೆ ನೀರನ್ನು ಮೆದು ಮಾಡುವ ರಾಳದ ಮಣಿಗಳಿವೆ. ಅವು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಉಪ್ಪುನೀರು ಹರಿದು ಅವನ್ನು ಮತ್ತೆ ತೊಳೆಯುತ್ತದೆ. ಉಪ್ಪು ಖಾಲಿಯಾದರೆ ಈ ಕೆಲಸ ನಿಂತಿತು. ಡಿಶ್‌ವಾಷರಿನ ದಪ್ಪ ಹರಳುಪ್ಪನ್ನೇ ಹಾಕಿ. ಅಡುಗೆಯ ಪುಡಿ ಉಪ್ಪಿನಲ್ಲಿ ಗಂಟುಕಟ್ಟದಿರಲು ಸೇರಿಸಿದ ವಸ್ತುಗಳಿರುತ್ತವೆ, ಅವು ಈ ಭಾಗವನ್ನು ಕಟ್ಟಿಸುತ್ತವೆ. ಸಾಲ್ಟ್ ಡಬ್ಬಿ ಸಾಮಾನ್ಯವಾಗಿ 1 ರಿಂದ 1.5 ಕಿಲೋ ಹಿಡಿಯುತ್ತದೆ. ಹೊಸ ಮೆಷಿನ್ನಿನಲ್ಲಿ ಮೊದಲ ಸಲ ಮಾತ್ರ ಅದಕ್ಕೆ ನೀರು ತುಂಬಿ ಆಮೇಲೆ ಉಪ್ಪು. ಚೆಲ್ಲಿದ ಉಪ್ಪನ್ನು ಒರೆಸಿ, ತಕ್ಷಣ ಒಂದು ಪ್ರೋಗ್ರಾಂ ಓಡಿಸಿ. ಹಾಗೇ ಬಿಟ್ಟರೆ ಸ್ಟೀಲಿನ ತಳಕ್ಕೂ ತುಕ್ಕು ಬರುತ್ತದೆ. ಮುಚ್ಚಳ ಅರೆಬರೆ ತಿರುಗಿಸಿದ್ದರೆ ಉಪ್ಪು ಪಾತ್ರೆಯ ಮೇಲೆಲ್ಲ ಬಿಳಿ ಪುಡಿಯಾಗಿ ಕೂರುತ್ತದೆ. ಒದ್ದೆ ಬೆರಳಿಗೆ ಸುಲಭವಾಗಿ ಬಂದುಬಿಟ್ಟರೆ ಅದೇ ಕಾರಣ ಎಂದು ಮೊದಲು ಅನುಮಾನಿಸಿ.

ಉಪ್ಪು ಇದ್ದೂ ಕಲೆ ಬಂದರೆ ಗಡಸಿನ ಸೆಟ್ಟಿಂಗ್ ತಪ್ಪಿದೆ. ಅಂಗಡಿಯಲ್ಲಿ ಸಿಗುವ ಪರೀಕ್ಷಾ ಪಟ್ಟಿಯಿಂದ ನೀರಿನ ಗಡಸು ಅಳೆಯಿರಿ. ಟಿಡಿಎಸ್ ಮೀಟರ್ ಪೆನ್ ಇದಕ್ಕೆ ಸಾಲದು, ಅದು ಕರಗಿದ ಎಲ್ಲ ಲವಣಗಳನ್ನೂ ಒಟ್ಟಿಗೆ ತೋರಿಸುತ್ತದೆ. ಮೆಷಿನ್ನಿನ ಪುಸ್ತಕದಲ್ಲಿ ಜರ್ಮನ್ ಡಿಗ್ರಿ ಲೆಕ್ಕ ಇದ್ದರೆ ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಅನ್ನು 17.8 ರಿಂದ ಭಾಗಿಸಿ. 350 ಪಿಪಿಎಂ ಅಂದರೆ ಸುಮಾರು 20 ಡಿಗ್ರಿ. 600 ಅಂದರೆ ಸುಮಾರು 34. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸಿನ ಮಿತಿ 200 ಪಿಪಿಎಂ. ಬೇರೆ ನೀರು ಸಿಗದಿದ್ದರೆ 600 ರವರೆಗೆ ಒಪ್ಪುತ್ತಾರೆ. 'ಎಲ್ಲ ಒಂದರಲ್ಲೇ' ಎಂದು ಮಾರುವ ಟ್ಯಾಬ್ಲೆಟ್‌ಗಳು ಸುಮಾರು 21 ಡಿಗ್ರಿಯವರೆಗೆ ಸಾಲ್ಟ್ ಇಲ್ಲದೆ ನಡೆಸಬಹುದು. ಅದಕ್ಕಿಂತ ಗಡಸಾದರೆ ಬೇರೆಯಾಗಿ ಸಾಲ್ಟ್ ಬೇಕೇಬೇಕು.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೊಂದು ತೊಡಕು. ಕಾವೇರಿ ನೀರು ಅಷ್ಟು ಗಡಸಲ್ಲ. ಬೋರ್ ನೀರು, ಟ್ಯಾಂಕರ್ ನೀರು ಹೆಚ್ಚಾಗಿ ಗಡಸು. ಒಂದೇ ಸಂಪಿನಲ್ಲಿ ಮೂರೂ ಬೆರೆಯುತ್ತವೆ. 2024ರ ಬೇಸಿಗೆಯಂತೆ ಟ್ಯಾಂಕರನ್ನೇ ನಂಬಬೇಕಾದ ತಿಂಗಳುಗಳಲ್ಲಿ ಗಡಸು ಒಮ್ಮೆಲೇ ಏರಬಹುದು. ಮಾರ್ಚ್ ಬಂದಾಗ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ಅಳೆದು ಸೆಟ್ಟಿಂಗ್ ಬದಲಿಸಿ. ಅಪಾರ್ಟ್‌ಮೆಂಟಿನಲ್ಲೇ ನೀರು ಮೆದು ಮಾಡುವ ಘಟಕ ಇದ್ದರೆ ಸೆಟ್ಟಿಂಗ್ ಕೆಳಗಿರಲಿ, ಡಿಟರ್ಜೆಂಟೂ ಕಡಿಮೆ ಇರಲಿ. ಹಳೆಯ ಸುಣ್ಣ ಕಳೆಯಲು ಡಿಶ್‌ವಾಷರ್ ಕ್ಲೀನರ್ ಅಥವಾ ಸಿಟ್ರಿಕ್ ಆ್ಯಸಿಡ್ ಹಾಕಿ ಖಾಲಿ ಮೆಷಿನ್ನನ್ನು ಬಿಸಿ ಪ್ರೋಗ್ರಾಂನಲ್ಲಿ ಓಡಿಸಿ. ಆ ಸಲ ಡಿಟರ್ಜೆಂಟ್ ಹಾಕಬೇಡಿ. ಬ್ಲೀಚ್ ಜೊತೆ ಎಂದೂ ಬೆರೆಸಬೇಡಿ.

ನೊರೆ ಮತ್ತು ಸೋರಿಕೆ

ಸಹಾಯಕ್ಕೆ ಬಂದ ಅತ್ತೆಯೋ ಚಿಕ್ಕಮ್ಮನೋ ಪ್ರೀತಿಯಿಂದ ಪಾತ್ರೆಗಳಿಗೆ ಸೋಪು ಹಚ್ಚಿ ಒಳಗಿಟ್ಟಿದ್ದರೆ ನೊರೆ ಬಾಗಿಲಿನಿಂದ ಉಕ್ಕುತ್ತದೆ. ಕೈಯಲ್ಲಿ ತೊಳೆಯುವ ಲಿಕ್ವಿಡ್ ನೊರೆಗಾಗಿಯೇ ಮಾಡಿದ್ದು. ನೊರೆ ತುಂಬಿದರೆ ಪಂಪಿಗೆ ನೀರು ಸಿಗುವುದಿಲ್ಲ. ಮೆಷಿನ್ ನಿಲ್ಲಿಸಿ, ನೊರೆ ಬಳಿದು ತೆಗೆದು, ತಣ್ಣೀರು ಸ್ವಲ್ಪ ಸುರಿದು ಡ್ರೈನ್ ಮಾಡಿ. ನೊರೆ ಹೋಗುವವರೆಗೆ ಹೀಗೇ ಮಾಡಿ. ರಿನ್ಸ್ ಏಡ್ (ಪಾತ್ರೆ ಕಲೆಯಿಲ್ಲದೆ ಬೇಗ ಒಣಗಲು ಹಾಕುವ ದ್ರವ) ತುಂಬುವಾಗ ಚೆಲ್ಲಿದರೂ ನೊರೆ ಬರುತ್ತದೆ, ಒರೆಸಿಬಿಡಿ.

ನೊರೆ ಇಲ್ಲದೆ ನೀರು ಸೋರಿದರೆ ಎಲ್ಲಿಂದ ಎಂದು ನೋಡಿ. ಬಾಗಿಲಿನ ಮುಂದೆ ಹನಿಯುತ್ತಿದ್ದರೆ ಗ್ಯಾಸ್ಕೆಟ್ (ಬಾಗಿಲಿನ ರಬ್ಬರ್ ಪಟ್ಟಿ) ಅಂಚಿನಲ್ಲಿ ಕರಿಬೇವು, ಕೊತ್ತಂಬರಿ ಕಡ್ಡಿ ಸಿಕ್ಕಿರಬಹುದು. ಒದ್ದೆ ಬಟ್ಟೆಯಿಂದ ಸುತ್ತಲೂ ಒರೆಸಿ. ಹಿಂದಿನಿಂದ ಬಂದರೆ ಡ್ರೈನ್ ಪೈಪ್. ಯುಟಿಲಿಟಿಯಲ್ಲಿ ಇಟ್ಟ ಮೆಷಿನ್‌ಗಳಲ್ಲಿ ಇಲಿ ಪೈಪ್ ಕಡಿಯುವುದು ತೀರಾ ಸಾಮಾನ್ಯ. ಟಾರ್ಚ್ ಹಿಡಿದು ಹಲ್ಲಿನ ಗುರುತು ಹುಡುಕಿ. ಟೇಪ್ ಸುತ್ತಿ ಸುಮ್ಮನಾಗಬೇಡಿ, ಪೈಪ್ ಬದಲಿಸಿ, ಗೋಡೆಯ ತೂತನ್ನು ಮುಚ್ಚಿ.

ಬಾಷ್‌ನಲ್ಲಿ ಇ15 ಬಂದರೆ ಮೆಷಿನ್ನಿನ ಅಡಿಭಾಗದ ತಟ್ಟೆಯಲ್ಲಿ ನೀರು ಸೇರಿದೆ. ಅಲ್ಲಿ ಒಂದು ಥರ್ಮಾಕೋಲ್ ತೇಲುತ್ತದೆ, ಅದು ಮೇಲೆದ್ದರೆ ಮೆಷಿನ್ ಬೇರೆಲ್ಲ ಬಿಟ್ಟು ಡ್ರೈನ್ ಪಂಪ್ ಮಾತ್ರ ಓಡಿಸುತ್ತದೆ. ಮೆಷಿನ್ನನ್ನು ವಾಲಿಸಿ ನೀರು ಚೆಲ್ಲಿದರೆ ಆ ಕ್ಷಣಕ್ಕೆ ಸರಿಹೋಗುತ್ತದೆ. ಆದರೆ ಸೋರಿಕೆಯ ಮೂಲ ಹಾಗೇ ಇರುತ್ತದೆ. ನಲ್ಲಿ ಮುಚ್ಚಿ, ಮೆಕ್ಯಾನಿಕ್ ಕರೆಯಿರಿ.

ನೀರೇ ಒಳಗೆ ಬರುತ್ತಿಲ್ಲ

ಎಲ್‌ಜಿಯಲ್ಲಿ ಐಇ ಎಂದು ಬರುವುದು ಇದಕ್ಕೇ. ನಲ್ಲಿ ತೆರೆದಿದೆಯೇ ಎಂದು ನೋಡಿ. ಪಾರ್ಟಿ ದಿನ ಸಾಮಾನು ಜರುಗಿಸುವಾಗ ಪೈಪ್ ಮಡಚಿರಬಹುದು. ಆಮೇಲೆ ನಲ್ಲಿ ಮುಚ್ಚಿ ಇನ್‌ಲೆಟ್ ಪೈಪ್ ಬಿಚ್ಚಿದರೆ ಅದರ ತುದಿಯಲ್ಲಿ ಪುಟ್ಟ ಜಾಲರಿ ಇರುತ್ತದೆ. ಬೋರ್ ನೀರಿನ ಮರಳು ಅದನ್ನು ತುಂಬಿರುತ್ತದೆ. ಇಕ್ಕಳದಿಂದ ಎಳೆದು ತೊಳೆದು ಹಾಕಿ.

ಜಾಲರಿ ಚೊಕ್ಕವಾಗಿದ್ದರೆ ಒತ್ತಡ ನೋಡಬೇಕು. ಹೆಚ್ಚಿನ ಮೆಷಿನ್‌ಗಳಿಗೆ ಕನಿಷ್ಠ 0.5 ಬಾರ್ ಅಥವಾ ಅದರ ಹತ್ತಿರದ ಒತ್ತಡ ಬೇಕು. ತಾರಸಿ ಟ್ಯಾಂಕಿನ ನೀರು 10 ಮೀಟರ್ ಕೆಳಗಿಳಿದರೆ ಸುಮಾರು 1 ಬಾರ್ ಸಿಗುತ್ತದೆ. ಟ್ಯಾಂಕಿನ ಕೆಳಗೇ ಇರುವ ಮಹಡಿಯವರಿಗೆ 3 ಮೀಟರ್ ಎತ್ತರಕ್ಕೆ 0.3 ಬಾರ್ ಮಾತ್ರ. ಕೆಳಗಿನ ಮನೆಯಲ್ಲಿ ಚೆನ್ನಾಗಿ ಓಡುವ ಮೆಷಿನ್ ಮೇಲಿನ ಮನೆಯಲ್ಲಿ ನಿಲ್ಲುವುದು ಇದಕ್ಕೇ. ನಲ್ಲಿ ಪೂರ್ತಿ ತೆರೆದು ಬಕೆಟ್ ಹಿಡಿಯಿರಿ. ನಿಮಿಷಕ್ಕೆ 10 ಲೀಟರ್ ಬಂದರೆ ತೊಂದರೆ ಇಲ್ಲ. ಇಲ್ಲದಿದ್ದರೆ ಪ್ರೆಶರ್ ಪಂಪ್ ಬೇಕಾಗುತ್ತದೆ.

ಕರೆಂಟ್, ಬಿಸಿ, ಒಣಗುವಿಕೆ

ಮೆಷಿನ್ ಶುರುವೇ ಆಗದಿದ್ದರೆ ಚೈಲ್ಡ್ ಲಾಕ್, ತಡವಾಗಿ ಶುರುವಾಗುವ ಟೈಮರ್, ಪೂರ್ತಿ ಮುಚ್ಚದ ಬಾಗಿಲು ಈ ಮೂರನ್ನು ಮೊದಲು ನೋಡಿ. ಹೀಟರ್ ಸುಮಾರು 2000 ವ್ಯಾಟ್ ಎಳೆಯುತ್ತದೆ, ಅಂದರೆ 9 ಆಂಪ್ ಹತ್ತಿರ. ಆರ್ತಿಂಗ್ ಇರುವ 16 ಆಂಪಿನ ದೊಡ್ಡ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಅದೇ ಲೈನಿನಲ್ಲಿ ಓವನ್, ಇಂಡಕ್ಷನ್ ಓಡುತ್ತಿದ್ದರೆ ಎಂಸಿಬಿ (ಲೋಡ್ ಹೆಚ್ಚಾದರೆ ಲೈನ್ ಕಡಿಯುವ ಸ್ವಿಚ್) ಬೀಳುವುದು ಸಹಜ. ಬೇರೆ ಏನೂ ಓಡದಿದ್ದರೂ, ಶುರುವಾಗಿ ನೀರು ಬಿಸಿಯಾಗುವ ಹೊತ್ತಿಗೆ ಸರಿಯಾಗಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತಿದ್ದರೆ ಹೀಟರಿನಲ್ಲಿ ಕರೆಂಟ್ ಸೋರುತ್ತಿರಬಹುದು. ಮತ್ತೆ ಮತ್ತೆ ಏರಿಸಿ ನೋಡಬೇಡಿ.

ಬಿಸಿಯಾಗುತ್ತಿದೆಯೇ ಎಂದು ತಿಳಿಯಲು ಇಂಟೆನ್ಸಿವ್ ಪ್ರೋಗ್ರಾಂ ಶುರುವಾದ ಅರ್ಧ ಗಂಟೆಯ ಮೇಲೆ ನಿಲ್ಲಿಸಿ, ಬಾಗಿಲನ್ನು ನಿಧಾನಕ್ಕೆ ಸ್ವಲ್ಪವೇ ತೆರೆಯಿರಿ. ಹಬೆ ಬರಬೇಕು. ಸ್ಟೀಲ್ ಪಾತ್ರೆ ತಣ್ಣಗಿದ್ದರೆ ಹೀಟರ್ ಅಥವಾ ಬಿಸಿ ಅಳೆಯುವ ಸೆನ್ಸರ್ ಹೋಗಿದೆ. ಪ್ಲಾಸ್ಟಿಕ್ ಡಬ್ಬಿ ಒದ್ದೆಯಾಗಿ ಬರುವುದು ದೋಷವಲ್ಲ. ಪ್ಲಾಸ್ಟಿಕ್ ಬಿಸಿ ಹಿಡಿದಿಡುವುದಿಲ್ಲ. ಸ್ಟೀಲ್, ಗಾಜು ಕೂಡ ಒದ್ದೆ ಇದ್ದರೆ ರಿನ್ಸ್ ಏಡ್ ಖಾಲಿಯಾಗಿದೆ. ವಾಸನೆ ಬಂದರೆ ಫಿಲ್ಟರ್, ಬಾಗಿಲಿನ ಕೆಳ ಅಂಚು ತೊಳೆದು, ಮೆಷಿನ್ ಓಡದಿದ್ದಾಗ ಬಾಗಿಲನ್ನು ಬೆರಳಷ್ಟು ತೆರೆದಿಡಿ.

ಬಟನ್‌ಗಳು ತಮ್ಮಷ್ಟಕ್ಕೆ ಹುಚ್ಚಾಟ ಆಡಿದರೆ ಜಿರಳೆಯನ್ನೂ ಅನುಮಾನಿಸಿ. ಬಾಗಿಲಿನೊಳಗಿನ ಎಲೆಕ್ಟ್ರಾನಿಕ್ ಬೋರ್ಡು ಬೆಚ್ಚಗಿರುತ್ತದೆ, ಅವು ಅಲ್ಲಿ ಮನೆ ಮಾಡುತ್ತವೆ. ಎಂಜಲು ಪಾತ್ರೆಗಳನ್ನು ದಿನಗಟ್ಟಲೆ ಒಳಗೆ ಕೂಡಿಡುವುದು ಇದಕ್ಕೆ ಆಹ್ವಾನ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ

'ಮೆಷಿನ್ ಕೆಟ್ಟಿದೆ, ಬನ್ನಿ' ಎನ್ನುವ ಬದಲು ಇಷ್ಟು ಹೇಳಿ: ಪರದೆಯಲ್ಲಿ ಬಂದ ಕೋಡ್, ಪ್ರೋಗ್ರಾಂ ಶುರುವಾಗಿ ಎಷ್ಟು ಹೊತ್ತಿಗೆ ನಿಂತಿತು, ತಳದಲ್ಲಿ ನೀರಿದೆಯೇ, ಪಂಪ್ ಸದ್ದು ಮಾಡುತ್ತಿದೆಯೇ, ಬಕೆಟ್ ಪರೀಕ್ಷೆಯಲ್ಲಿ ಏನಾಯಿತು, ನೀರು ಬಿಸಿಯಾಗಿತ್ತೇ. ಬಾಗಿಲಿನ ಅಂಚಿನಲ್ಲಿ ಮಾದರಿ ಸಂಖ್ಯೆಯ ಚೀಟಿ ಅಂಟಿಸಿರುತ್ತಾರೆ, ಅದರ ಫೋಟೋ ಕಳಿಸಿ. ಬೇಕಾದ ಬಿಡಿಭಾಗ ಮೊದಲ ಭೇಟಿಯಲ್ಲೇ ತರಲು ಅವರಿಗೆ ಅನುಕೂಲವಾಗುತ್ತದೆ. ಭಾಗ ಬದಲಿಸಿದರೆ ಹಳೆಯದನ್ನು ಕೇಳಿ ನೋಡಿ, ಬಿಲ್ಲಿನಲ್ಲಿ ಅದರ ಹೆಸರು ಬರೆಸಿಕೊಳ್ಳಿ.

ಅವರು ಬರುವವರೆಗೆ ಪ್ಲಗ್ ಕಿತ್ತಿರಲಿ, ಇನ್‌ಲೆಟ್ ನಲ್ಲಿ ಮುಚ್ಚಿರಲಿ. ಒಳಗಿನ ಪಾತ್ರೆಗಳನ್ನು ಹೊರಗೆ ತೆಗೆದು, ಹಿಟ್ಟು ಮೆತ್ತಿದವನ್ನು ತಣ್ಣೀರಿನಲ್ಲಿ ನೆನೆಹಾಕಿ.